ಚಿತ್ರದಲ್ಲಿ ನೀನಿಲ್ಲ

ನಮ್ಮ ಕಡೆ ಯಾರನ್ನಾದರೂ ನೋಯುವ ಹಾಗೆ ಬೈಯಬೇಕೆಂದರೆ ಕುಡುಕ, ಸೋಮಾರಿ ಎಂದರೆ ಸಾಲದು. ಅವನ್ನೆಲ್ಲ ಜನ ನಕ್ಕು ಒಪ್ಪಿಕೊಂಡುಬಿಡುತ್ತಾರೆ. 'ಮಾಕೊ' ಎನ್ನಬೇಕು. ಪರದೆ ಸರಿಸಿ ಪಕ್ಕದ ಮನೆಯೊಳಗೆ ಇಣುಕುವವರು, ಯಾರ ಕಾರು ಯಾರ ಗೇಟಿನ ಮುಂದೆ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಬಾಯಿಪಾಠ ಮಾಡಿಟ್ಟುಕೊಂಡವರು ಮಾಕೊ. ಟ್ರಿನಿಡಾಡಿನಲ್ಲಿ ಇಂಥವರಿಗೇನೂ ಬರಗಾಲವಿಲ್ಲ. ನಮ್ಮ ಮನೆಯಲ್ಲಿ ಆ ಬಿರುದು ನನ್ನದು, ಅದನ್ನು ಮುಚ್ಚಿಡಲು ಹೋಗುವುದಿಲ್ಲ. ನನ್ನ ಅಡುಗೆಮನೆಯ ಕಿಟಕಿಗೆ ಎಂಟು ಗಾಜಿನ ಪಟ್ಟಿಗಳಿವೆ. ಮೂರನೆಯದನ್ನು ಎಷ್ಟು ಓರೆ ಮಾಡಿದರೆ ರಸ್ತೆಯ ಯಾವ ತಿರುವು ಕಾಣುತ್ತದೆ ಎಂಬುದು ನನಗೆ ಗೊತ್ತು.

ನನ್ನ ಗಂಡ ಹರ್ದೇವನಿಗೆ ಮಾತ್ರ ಆ ಮಾತು ಅಂಟುತ್ತಿರಲಿಲ್ಲ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವನು ಒಬ್ಬರ ಮನೆಯ ಸುದ್ದಿಯನ್ನೂ ಹೊತ್ತು ತಂದವನಲ್ಲ. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದ. ದಿನಕ್ಕೆ ನೂರು ಟ್ರಾಕ್ಟರು ಕಬ್ಬು, ನೂರು ಡ್ರೈವರುಗಳ ಹರಟೆ ಅವನ ಕಿಟಕಿಯ ಮುಂದೆ ಹಾದು ಹೋಗುತ್ತಿತ್ತು. "ಇವತ್ತೇನು ವಿಶೇಷ?" ಎಂದು ನಾನು ಆಸೆಯಿಂದ ಕೇಳಿದರೆ, "ಕಬ್ಬು ಒದ್ದೆಯಾಗಿತ್ತು" ಎನ್ನುತ್ತಿದ್ದ. ಇಂಥವನನ್ನು ಕಟ್ಟಿಕೊಂಡು ನೀನು ಹೇಗೆ ಬದುಕಿದೆಯೇ ಎಂದು ನನ್ನ ತಂಗಿ ಈಗಲೂ ಕೇಳುತ್ತಾಳೆ.

ಕಾರ್ಖಾನೆ ಮುಚ್ಚಿದ ವರ್ಷ ಅವನ ಕೈಗೆ ಕ್ಯಾಮೆರಾ ಬಂತು. ತೈಲ ಬಾವಿಯ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಸ್ಕಾಟ್ಲೆಂಡಿನವನು ಸಾಮಾನು ಹಗುರ ಮಾಡಿಕೊಳ್ಳಲು ಬಿಟ್ಟುಹೋದದ್ದು. ಅದರ ಜೊತೆಗೆ ಇದ್ದದ್ದು ಒಂದೇ ಲೆನ್ಸು, ವೈಡ್ ಆಂಗಲ್. ಕಪ್ಪೆಯ ಕಣ್ಣಿನ ಹಾಗೆ ಹೊರಗೆ ಉಬ್ಬಿದ ಗಾಜು. ಎದುರಿಗಿರುವುದನ್ನಷ್ಟೇ ಅಲ್ಲ, ಎರಡೂ ಪಕ್ಕದಲ್ಲಿರುವುದನ್ನೂ ಬಳಿದು ಒಳಗೆ ಹಾಕಿಕೊಳ್ಳುತ್ತದೆ. ಮೊದಮೊದಲು ಅದನ್ನು ಹಿಡಿದುಕೊಂಡು ಮದುವೆಮನೆಗಳಿಗೆ ಹೋದ. ಆದರೆ ಆ ಲೆನ್ಸಿನಲ್ಲಿ ಮಧ್ಯದಲ್ಲಿದ್ದವರು ನೆಟ್ಟಗೆ, ಸಣ್ಣಗೆ ಬರುತ್ತಾರೆ. ಅಂಚಿನಲ್ಲಿದ್ದವರು ಲಟ್ಟಿಸಿದ ರೊಟ್ಟಿಯಂತೆ ಅಗಲವಾಗುತ್ತಾರೆ. ಮದುವೆಯ ಗುಂಪಿನಲ್ಲಿ ಅಂಚಿಗೆ ನಿಲ್ಲುವವರು ಯಾರು? ವರನ ಸೋದರತ್ತೆಯರು. ನಮ್ಮ ಎದುರು ಮನೆಯ ಬಸ್‌ದಾಯಿ ತನ್ನ ಅಣ್ಣನ ಮಗನ ಮದುವೆಯ ಫೋಟೋ ಹಿಡಿದುಕೊಂಡು ನಮ್ಮ ಗೇಟಿಗೇ ಬಂದಳು.

"ಹರ್ದೇವ್, ಇದು ಯಾರೋ? ಇದು ನಾನೇನೋ? ನನ್ನ ಮುಖ ಎಲ್ಲಿ, ಈ ಕುಂಬಳಕಾಯಿ ಎಲ್ಲಿ!"

"ಅಂಚಿಗೆ ನಿಂತ್ರೆ ಹಾಗಾಗತ್ತೆ, ಬಸ್‌ದಾಯಿ. ಅದು ಲೆನ್ಸಿನ ಗುಣ."

"ಹಾಗಾದ್ರೆ ಅಂಚಿಗೆ ನಿನ್ನ ಹೆಂಡ್ತೀನ ನಿಲ್ಲಿಸ್ಕೋ. ಅವಳು ಹೇಗೂ ಅಗಲವಾಗೇ ಇದಾಳೆ, ಯಾರಿಗೂ ಗೊತ್ತಾಗಲ್ಲ!"

ಗಾಜಿನ ಪಟ್ಟಿಯ ಹಿಂದೆ ನಿಂತಿದ್ದ ನನಗೆ ಎಲ್ಲ ಕೇಳಿಸಿತು. ಅವತ್ತಿಗೆ ಅವನು ಮನುಷ್ಯರ ಸಹವಾಸ ಬಿಟ್ಟ. "ಆಕಾಶ ಗೇಟಿಗೆ ಬಂದು ಜಗಳ ಆಡಲ್ಲ, ವಂತಿ" ಎಂದ ನನಗೆ. ಅಲ್ಲಿಂದ ಮುಂದೆ ದಿನಾ ಸಂಜೆ ಐದಕ್ಕೆ ಸಮುದ್ರದ ದಂಡೆಗೆ ಹೊರಟುಬಿಡುತ್ತಿದ್ದ. ಊರಿನವರು ಅವನ ಹೆಸರನ್ನೇ ಬಿಟ್ಟು 'ಸನ್‌ಸೆಟ್' ಎಂದು ಕರೆಯತೊಡಗಿದರು.

ನಮ್ಮ ದಂಡೆಯಲ್ಲಿ ಮರಳಿಲ್ಲ, ಕೆಸರು. ಸೂರ್ಯ ವೆನೆಜುವೆಲಾದ ಬೆಟ್ಟಗಳ ಹಿಂದೆ ಇಳಿಯುತ್ತಾನೆ. ಬಲಗಡೆ ಮೀನಿನ ದೋಣಿಗಳು, ಎಡಗಡೆ ನಮ್ಮವರ ಹೆಣ ಸುಡುವ ಕಟ್ಟೆಗಳು. ನಾನೂ ಎಷ್ಟೋ ದಿನ ಚಹಾದ ಫ್ಲಾಸ್ಕು, ರೊಟ್ಟಿ, ಸುಟ್ಟ ಬದನೆಕಾಯಿಯ ಗೊಜ್ಜು ಕಟ್ಟಿಕೊಂಡು ಅವನ ಜೊತೆ ಹೋಗಿ ಕೂತಿದ್ದೇನೆ. ಹಾಗೆ ಕೂತು ಕೂತು ಆ ಲೆನ್ಸಿನ ವಿದ್ಯೆ ನನಗೂ ಅರ್ಧ ಬಂದಿತ್ತು. ಅದು ದೂರದ್ದನ್ನೆಲ್ಲ ಇನ್ನೂ ದೂರ ತಳ್ಳುತ್ತದೆ. ಬೆಟ್ಟದ ಸಾಲು ಇರುವೆಯ ಸಾಲಾಗುತ್ತದೆ. ಬರೀ ಆಕಾಶ ತೆಗೆದರೆ ಚಿತ್ರ ಖಾಲಿ ತಟ್ಟೆಯಂತೆ ಕಾಣುತ್ತದೆ. "ಮುಂದೆ ಏನಾದ್ರೂ ಒಂದು ಇರಬೇಕು, ಇಲ್ದಿದ್ರೆ ಆಕಾಶ ನಿಲ್ಲೋದಿಲ್ಲ" ಎನ್ನುತ್ತಿದ್ದ. ದೋಣಿಯ ಮೂತಿಯೋ, ಮರದ ಬೇರೋ, ಹಳೆಯ ಟೈರೋ, ಏನಾದರೂ ಸರಿ. ಆದರೆ ಅದು ತೀರ ಹತ್ತಿರ ಇರಬೇಕು, ಕೈ ಚಾಚಿದರೆ ತಾಗುವಷ್ಟು. ನಾಲ್ಕು ಹೆಜ್ಜೆ ಆಚೆ ಹೋಯಿತೋ, ಈ ಲೆನ್ಸಿನಲ್ಲಿ ಆನೆಯೂ ಆಡಿನ ಮರಿ.

ಸೂರ್ಯ ಮುಳುಗಿದ ಕೂಡಲೇ ಉಳಿದವರು ಎದ್ದು ಹೋಗುತ್ತಾರೆ. ಇವನು ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಇನ್ನೊಂದು ಕಾಲು ಗಂಟೆ ಕಾಯುತ್ತಿದ್ದ, ನಿಜವಾದ ಬಣ್ಣ ಆಮೇಲೆ ಬರುತ್ತದಂತೆ. ತೆಗೆದ ಮೇಲೆ ಪುಟ್ಟ ಪುಸ್ತಕದಲ್ಲಿ ತಾರೀಕು, ಗಂಟೆ, ನೀರು ಏರಿತ್ತೋ ಇಳಿದಿತ್ತೋ ಎಂದು ಬರೆದುಕೊಳ್ಳುತ್ತಿದ್ದ. ದಂಡೆಗೆ ಎಂಥೆಂಥವರೋ ಬರುತ್ತಾರೆ. ಮನೆಯವರ ಕಣ್ಣು ತಪ್ಪಿಸಿ ಬಂದ ಜೋಡಿಗಳು, ಕೆಲಸ ಕಳೆದುಕೊಂಡು ಕುಡಿಯಲು ಕೂತವರು, ಬೂದಿ ಬಿಡಲು ಬಂದು ಅಳುವವರು. ನನ್ನನ್ನು ಕಂಡರೆ ಮುದುರಿಕೊಳ್ಳುತ್ತಿದ್ದರು. ಅವನನ್ನು ಕಂಡರೆ, "ಅದು ಸನ್‌ಸೆಟ್ ಬಿಡು, ಅವನು ಏನೂ ನೋಡಲ್ಲ" ಎನ್ನುತ್ತಿದ್ದರು. ಒಳಗೊಳಗೇ ನನಗೆ ಅದೊಂದು ಹೆಮ್ಮೆ.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಭಗೀರಥ್ ಸೂಗ್ರಿಮ್ ಹೆಡ್ ಮಾಸ್ಟರು ತೀರಿಕೊಂಡರು. ದೊಡ್ಡ ಮನುಷ್ಯರು. ನಮ್ಮ ಮಂದಿರದ ಅಧ್ಯಕ್ಷರು. ಅವರು ಪಂಡಿತರಲ್ಲ, ಆದರೆ ಪಂಡಿತರು ಮಂತ್ರ ತಪ್ಪಿದರೆ ಕೆಮ್ಮುತ್ತಿದ್ದರು. ಮಧ್ಯಾಹ್ನ ದಂಡೆಯ ಕಟ್ಟೆಯ ಮೇಲೆ ಮಗ ಕೆಲ್ವಿನ್ ಬೆಂಕಿ ಇಟ್ಟ. ಇಡೀ ಊರು ಅಲ್ಲಿತ್ತು. ಐದರ ಹೊತ್ತಿಗೆ ಎಲ್ಲರೂ ಅವರ ಮನೆಗೆ ಹೊರಟೆವು. ನಾನು ಹೆಡ್ ಮಾಸ್ಟರ ಹೆಂಡತಿ ಚಂದ್ರೌತಿ ದೀದಿಯ ಪಕ್ಕದಲ್ಲಿ ಕೂತು ಬಂದವರಿಗೆ ಕಾಫಿ ಹಂಚಿದೆ. ಹರ್ದೇವ್ ಮಾತ್ರ ಹಿಂದೆ ಉಳಿದ. ಆ ವಾರ ಸಹಾರಾದ ಧೂಳು ಸಮುದ್ರ ದಾಟಿ ಬಂದು ನಮ್ಮ ಆಕಾಶವೆಲ್ಲ ಅರಿಸಿನ ಕಲಸಿಟ್ಟ ಹಾಗಿತ್ತು. ಸಾವಿನ ಮನೆಗೆ ಹೊರಟವನು ಕಾರಿನ ಡಿಕ್ಕಿಯಲ್ಲಿ ಕ್ಯಾಮೆರಾ ಇಟ್ಟುಕೊಂಡದ್ದನ್ನು ನಾನು ನೋಡಿದ್ದೆ, ಏನೂ ಹೇಳಿರಲಿಲ್ಲ.

ಏಳಕ್ಕೆ ಮನೆಗೆ ಬಂದಾಗ ಅವನ ಕಣ್ಣು ಹೊಳೆಯುತ್ತಿತ್ತು. "ಇಷ್ಟು ವರ್ಷ ಕಾದಿದ್ದು ಸಿಕ್ತು ಕಣೇ" ಎಂದು ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ತೋರಿಸಿದ. ಕೆಂಪು, ಹಳದಿ, ಬಾಗಿದ ಹೊಗೆ, ಕನ್ನಡಿಯಂಥ ಕೆಸರು. ಚೆನ್ನಾಗಿದೆ ಎಂದೆ. ಕನ್ನಡಕ ಹಾಕಿಕೊಂಡಿರಲಿಲ್ಲ.

ನವೆಂಬರಿನಲ್ಲಿ ಗೋಬಿನ್ ನಮ್ಮ ಮನೆಗೆ ಬಂದ. ಪಟ್ಟಣದಲ್ಲಿ ಅವನ ಹಾರ್ಡ್‌ವೇರ್ ಅಂಗಡಿಯಿದೆ, ಪ್ರತಿವರ್ಷ ಸುತ್ತಲ ಊರುಗಳ ಮನೆಮನೆಗೂ ಒಂದು ಕ್ಯಾಲೆಂಡರ್ ಹಂಚುತ್ತಾನೆ. ಒಂದೇ ಹಾಳೆ, ಮೇಲೆ ಒಂದೇ ಚಿತ್ರ, ವರ್ಷವಿಡೀ ಅದೇ. ಹರ್ದೇವ್ ಕೊಟ್ಟ ಹತ್ತು ಚಿತ್ರಗಳಲ್ಲಿ ಅವನು ಆ ಚಿತ್ರವನ್ನೇ ಎತ್ತಿಕೊಂಡ. ಕೆಳಗೆ ಏನು ಹಾಕಲಿ ಎಂದು ಕೇಳಿದಾಗ ನನ್ನ ಗಂಡ ತನ್ನ ಪುಟ್ಟ ಪುಸ್ತಕ ತೆಗೆದು ಗತ್ತಿನಿಂದ ಓದಿ ಹೇಳಿದ: ಜೂನ್ ಹದಿನಾಲ್ಕು, ಸಂಜೆ ಆರು ನಲವತ್ತೊಂದು, ಇಳಿತದ ನೀರು.

ಡಿಸೆಂಬರಿನಲ್ಲಿ ಹೆಡ್ ಮಾಸ್ಟರ ಆರು ತಿಂಗಳ ಕರ್ಮ. ಹಿಂದಿನ ದಿನ ಅಡುಗೆಗೆ ನಾವು ಹತ್ತು ಹೆಂಗಸರು ಚಂದ್ರೌತಿ ದೀದಿಯ ಮನೆಯಲ್ಲಿ ಸೇರಿದ್ದೆವು. ಆಲೂಗಡ್ಡೆ ಸುಲಿಯುತ್ತಾ ತಲೆಯೆತ್ತಿದರೆ ಫ್ರಿಜ್ಜಿನ ಮೇಲಿನ ಗೋಡೆಯಲ್ಲಿ ಹೊಸ ಕ್ಯಾಲೆಂಡರ್! ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ.

"ಅಯ್ಯೋ, ನೋಡ್ರೇ, ಇದು ನಮ್ಮ ಯಜಮಾನ್ರು ತೆಗೆದಿದ್ದು!" ಎಂದು ಕೈ ಒರೆಸಿಕೊಂಡು ಎದ್ದೆ. ಅವತ್ತು ಮಾತ್ರ ಅವನು 'ಯಜಮಾನ್ರು' ಆಗಿದ್ದ. ಎಲ್ಲರ ಮುಂದೆ ಚಿತ್ರದ ಮೇಲೆ ಬೆರಳಾಡಿಸುತ್ತಾ, ಈ ಬಣ್ಣ ನೋಡಿ, ಈ ಹೊಗೆ ನೋಡಿ ಎಂದು ಮೇಡಂ ಪಾಠ ಹೇಳಿದ ಹಾಗೆ ಹೇಳಿದೆ. ಬೆರಳು ಎಡಗಡೆಯ ಮೂಲೆಗೆ ಬಂತು. ಅಲ್ಲಿ ಕಲ್ಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಲೆನ್ಸು ಅವಳ ಭುಜವನ್ನು ಒಂದಿಷ್ಟು ಎಳೆದು ಅಗಲ ಮಾಡಿತ್ತು. ಮುಖದ ಮೇಲೆ ಕೆಂಡದ ಬೆಳಕು ಬಿದ್ದು ಕಣ್ಣು ಮೂಗು ಸ್ಪಷ್ಟವಾಗಿತ್ತು. ಮುಖ ನೇರ ನಮ್ಮ ಕಡೆಗೇ ತಿರುಗಿತ್ತು.

"ಅರೆ! ಇದು ನಮ್ಮ ಮಿಂತ್ರಾ ಅಲ್ವೇನೇ?" ಎಂದೆ.

ಯೋಚಿಸಿ ಆಡಿದ ಮಾತಲ್ಲ. ಆದರೆ ಯೋಚಿಸದೆ ಆಡುವುದೇ ನನ್ನ ಜೀವನದ ಕಸುಬು, ಅದನ್ನು ನೆಪ ಮಾಡಿಕೊಳ್ಳಲಾರೆ. ಬಸ್‌ದಾಯಿ ಓಡಿ ಬಂದಳು. "ಹೌದಲ್ಲೇ, ಮಿಂತ್ರಾನೇ! ಬಿಳಿ ಉಟ್ಟಿದಾಳೆ. ಅಳ್ತಾ ಇದಾಳಲ್ಲೇ ಇವಳು." ಇನ್ಯಾರೋ ಕೆಳಗಿನ ತಾರೀಕನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಯುವುದರೊಳಗೆ ಅವರ ದನಿ ಇಳಿದುಹೋಯಿತು. ಆ ತಾರೀಕು ಯಾವುದೆಂದು ಆ ಅಡುಗೆಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಅನ್ನ ಬಸಿಯುತ್ತಿದ್ದ ಚಂದ್ರೌತಿ ದೀದಿ ಪಾತ್ರೆ ಕೆಳಗಿಟ್ಟು ಬಂದರು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ತುಂಬ ಹೊತ್ತು ನೋಡಿದರು. "ಆ ಬಿಳಿ ಬಟ್ಟೆ ನಾನೇ ಕೊಟ್ಟಿದ್ದು" ಎಂದರು. "ಲಂಗಕ್ಕೆ ತಂದಿದ್ದು ಮಿಕ್ಕಿತ್ತು. ನೀನೇ ಇಟ್ಕೊಳ್ಳೇ ಅಂದಿದ್ದೆ." ಆಮೇಲೆ ಹೋಗಿ ಅನ್ನ ಬಸಿದರು.

ಮಿಂತ್ರಾ, ಪೂರ್ತಿ ಹೆಸರು ಸುಮಿಂತ್ರಾ, ನಮ್ಮ ಊರಿನ ದರ್ಜಿ. ಐವತ್ತು ದಾಟಿದವಳು, ಮದುವೆಯಾಗಿಲ್ಲ. ಊರಿನ ಅಷ್ಟೂ ಹೆಂಗಸರ ಎದೆ, ಸೊಂಟದ ಅಳತೆ ಅವಳ ತಲೆಯಲ್ಲಿದೆ, ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಶಾಲೆಯ ಸಮವಸ್ತ್ರವೆಲ್ಲ ಅವಳೇ ಹೊಲಿಯುತ್ತಿದ್ದಳು, ಅದಕ್ಕಾಗಿ ಹೆಡ್ ಮಾಸ್ಟರ ಕಾರು ಅವಳ ಗೇಟಿನ ಮುಂದೆ ನಿಲ್ಲುತ್ತಿತ್ತು. ಇಪ್ಪತ್ತಮೂರು ವರ್ಷ ಆ ಕಾರನ್ನು ನನ್ನ ಮೂರನೆಯ ಗಾಜಿನ ಪಟ್ಟಿಯಿಂದ ನೋಡಿದ್ದೇನೆ. ನೋಡಿ, ಶಾಲೆಯ ಮಕ್ಕಳ ಬಟ್ಟೆಯ ವಿಷಯ ಎಂದುಕೊಂಡಿದ್ದೇನೆ.

ಒಂದು ವಾರದಲ್ಲಿ ಕ್ಯಾಲೆಂಡರ್ ಎಲ್ಲ ಮನೆಯ ಗೋಡೆ ಸೇರಿತು. ಜನ ಭೂತಗನ್ನಡಿ ಹಿಡಿದು ನೋಡಿದರು. ಗುಟ್ಟು ರಟ್ಟಾದದ್ದು ಒಂದು ಕಡೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಶುರುವಾಯಿತು. ಹುಟ್ಟಿಸಿದವನು ಕೆಲ್ವಿನ್. "ಮುಖ ನೋಡಿ, ನೇರ ಕ್ಯಾಮೆರಾ ಕಡೆಗೇ ಇದೆ. ಬೇಕು ಅಂತಲೇ ಬಂದು ಕೂತು ಪೋಸು ಕೊಟ್ಟಿದಾಳೆ. ನಾಳೆ ಜಮೀನಲ್ಲಿ ಪಾಲು ಕೇಳೋಕೆ ಸಾಕ್ಷಿ ಬೇಕಲ್ಲ!" ಎಂದ. ಊರಿಗೆ ಈ ಮಾತು ಹಿಡಿಸಿತು. ಪ್ರೀತಿ ಮಾಡಿ ಅತ್ತವಳನ್ನು ಜನ ಒಂದಲ್ಲ ಒಂದು ದಿನ ಕ್ಷಮಿಸುತ್ತಾರೆ, ಎಷ್ಟೋ ಮನೆಗಳಲ್ಲಿ ಹೊರಗಿನ ಹೆಂಗಸಿನ ಕಥೆ ಇದ್ದೇ ಇದೆ. ಆದರೆ ಉರಿಯುವ ಚಿತೆಯ ಪಕ್ಕ ಕೂತು ಪೋಸು ಕೊಟ್ಟವಳನ್ನು ಯಾರು ಕ್ಷಮಿಸುತ್ತಾರೆ?

ರಮ್ ಅಂಗಡಿಯಲ್ಲಿ ಹರ್ದೇವನನ್ನು ಕೇಳಿದರಂತೆ. "ನಾನು ನೋಡ್ಲಿಲ್ಲ ಮಾರಾಯ. ಲೆನ್ಸು ಅಗಲ, ಅದೇ ಎಳೆದುಕೊಂಡುಬಿಟ್ಟಿದೆ" ಎಂದನಂತೆ. ನನಗೂ ಅದನ್ನೇ ಹೇಳಿದ. ನಾನು ಕ್ಯಾಲೆಂಡರನ್ನು ಅವನ ಮುಂದೆ ಮೇಜಿನ ಮೇಲೆ ಹಾಸಿದೆ.

"ಈ ಮುಖ ಎಷ್ಟಿದೆ ನೋಡು. ನನ್ನ ಹೆಬ್ಬೆರಳಿನಷ್ಟಿದೆ. ಈ ಲೆನ್ಸಲ್ಲಿ ಹೆಬ್ಬೆರಳಿನಷ್ಟು ಮುಖ ಬರಬೇಕು ಅಂದ್ರೆ ಎಷ್ಟು ಹತ್ತಿರ ಹೋಗ್ಬೇಕು, ನನಗೆ ಗೊತ್ತಿಲ್ವೇನೋ? ಹತ್ತು ವರ್ಷ ನಿನ್ನ ಫ್ಲಾಸ್ಕು ಹೊತ್ತಿದೀನಿ."

ಅವನು ಕೂತ. ಆಮೇಲೆ ಹೇಳಿದ.

ಎಲ್ಲರೂ ಹೋದ ಮೇಲೆ ಅವಳು ಬಂದಳಂತೆ, ಚಿತೆಯ ಹತ್ತಿರದ ಕಲ್ಲಿನ ಮೇಲೆ ಕೂತಳಂತೆ. ಆಕಾಶ ಹಣ್ಣಾಗಿತ್ತು, ಅದರ ಮುಂದೆ ಇಡಲು ಏನೂ ಸಿಕ್ಕಿರಲಿಲ್ಲ. ದೋಣಿಗಳೆಲ್ಲ ಆಚೆ. ಇವನು ಮೆಲ್ಲಗೆ ಅವಳ ಪಕ್ಕಕ್ಕೆ ಬಂದು ನಿಂತು ಲೆನ್ಸನ್ನು ಸೂರ್ಯ ಮುಳುಗಿದ ಕಡೆಗೆ ತಿರುಗಿಸಿದ. ಅವಳು ತಲೆಯೆತ್ತಿ, "ಹರ್ದೇವ್, ನನ್ನನ್ನ ತೆಗೀತಾ ಇದೀಯಾ?" ಎಂದಳು. "ಇಲ್ಲಮ್ಮ, ಚಿತ್ರದಲ್ಲಿ ನೀನಿಲ್ಲ. ನಾನು ಆಕಾಶ ತೆಗೀತಾ ಇದೀನಿ" ಎಂದ. ಎಂದು, ಒತ್ತಿದ. ಕ್ಯಾಮೆರಾ ತನ್ನ ಕಡೆ ತಿರುಗಿಲ್ಲ ಎಂದ ಮೇಲೆ ತಾನು ಅದರಲ್ಲಿಲ್ಲ ಎಂದು ಅವಳು ನಂಬಿದಳು. ಯಾರಾದರೂ ಹಾಗೇ ನಂಬುತ್ತಾರೆ. ಅದೂ ಹರ್ದೇವ್ ಹೇಳಿದ ಮೇಲೆ. ಅವಳ ಮುಖ ನಮ್ಮ ಕಡೆ ತಿರುಗಿದ್ದು ಅದಕ್ಕೆ, ಅವನನ್ನು ಕೇಳಲು.

"ಆಮೇಲಾದ್ರೂ ಆ ಮೂಲೆ ಕತ್ತರಿಸಿ ಹಾಕಬಹುದಿತ್ತಲ್ಲೋ!"

"ಕತ್ತರಿಸಿ ನೋಡಿದೆ ವಂತಿ. ಅವಳು ಇಲ್ದಿದ್ರೆ ಬರೀ ಆಕಾಶ."

ಅವನಿಗೆ ಒಂದು ಬಾರಿಸಬೇಕೆನ್ನಿಸಿತು. ಈಗ ಬರೆಯುವಾಗಲೂ ಅನ್ನಿಸುತ್ತದೆ. ಆದರೆ ಅವತ್ತು ನಾನು ಮಾಡಿದ್ದು ಅದನ್ನಲ್ಲ. ಅವನು, "ನಾಳೆ ಹೋಗಿ ಕೆಲ್ವಿನ್‌ಗೆ ಇರೋದನ್ನ ಹೇಳಿಬಿಡ್ತೀನಿ. ಅವಳು ಪೋಸು ಕೊಟ್ಟಿಲ್ಲ ಅಂತಾದ್ರೂ ಗೊತ್ತಾಗಲಿ" ಎಂದ. ಬೇಡ ಎಂದವಳು ನಾನು. "ಸುಮ್ನಿರು. ಲೆನ್ಸು ಅಂತ ಹೇಳಿದೀಯ, ಅದನ್ನೇ ಹೇಳ್ತಿರು. ಎರಡು ತಿಂಗಳಲ್ಲಿ ಜನ ಮರೀತಾರೆ. ಈಗ ಬಾಯಿ ಬಿಟ್ರೆ ನಿನ್ನ ಮಾನ ಹೋಗತ್ತೆ, ಮೊದಲು ಹೆಸರು ಹಿಡಿದು ಕೂಗಿದವಳು ನಾನು, ನನ್ನ ಮಾನಾನೂ ಹೋಗತ್ತೆ." ಅವನ ಮುಖದಲ್ಲಿ ಹಗುರವಾದದ್ದು ಕಾಣಿಸಿತು. ನಾನು ಹಾಗೆ ಹೇಳಲಿ ಎಂದೇ ಕಾಯುತ್ತಿದ್ದನೋ ಏನೋ.

ಜನ ಮರೆಯಲಿಲ್ಲ. ಹೇಗೆ ಮರೆಯುತ್ತಾರೆ, ದಿನಾ ಬೆಳಿಗ್ಗೆ ತಾರೀಕು ನೋಡಲು ಅದೇ ಗೋಡೆಯ ಮುಂದೆ ನಿಲ್ಲಬೇಕು. ಕೆಲವರು ಆ ಮೂಲೆಯ ಮೇಲೆ ಲಕ್ಷ್ಮಿಯ ಚಿತ್ರ ಅಂಟಿಸಿದರು, ಕೆಲವರು ಕತ್ತರಿ ಹಾಕಿದರು. ನಮ್ಮ ಮನೆಯದನ್ನು ನಾನು ಮುಟ್ಟಲಿಲ್ಲ, ಮುಚ್ಚಿದರೆ ತಪ್ಪು ಒಪ್ಪಿಕೊಂಡಂತೆ ಎಂದು. ಹೆಂಗಸರು ಮಿಂತ್ರಾಳಿಗೆ ಕೊಟ್ಟಿದ್ದ ಬಟ್ಟೆಗಳನ್ನು ಅರ್ಧ ಹೊಲಿದಿದ್ದರೂ ವಾಪಸು ತಂದರು. ಅವಳು ಯಾರಿಗೂ ಎದುರಾಡದೆ ಮಡಿಸಿ ಮಡಿಸಿ ಕೊಟ್ಟಳಂತೆ. ಮಂದಿರದಲ್ಲಿ ಅವಳು ಕೂತರೆ ಎರಡೂ ಪಕ್ಕ ಒಂದೊಂದು ಆಳು ಕೂರುವಷ್ಟು ಜಾಗ ಖಾಲಿ. ಮಾರ್ಚ್ ತಿಂಗಳಲ್ಲಿ ನಾನೂ ಹೋಗಿ ನನ್ನ ಎರಡು ರವಿಕೆಯ ಬಟ್ಟೆ ತಂದೆ. ಬೇರೆಯವರು ತಂದಾಗ ನಾನೊಬ್ಬಳೇ ತರದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ. ಅವಳು, "ಕೈ ಅಗಲ ಒಂದಿಂಚು ಬಿಟ್ಟಿದೀನಿ ವಂತಿ, ಈಚೆಗೆ ನೀನು ಸ್ವಲ್ಪ ದಪ್ಪ ಆಗಿದೀಯ" ಎಂದಳು. ಸಿಟ್ಟಿಲ್ಲದ ಮಾತು. ಅದನ್ನು ಹೊತ್ತುಕೊಂಡು ಮನೆಗೆ ನಡೆಯುವಾಗ ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಹರ್ದೇವ್ ದಂಡೆಗೆ ಹೋಗುವುದನ್ನು ಬಿಟ್ಟ. ಕ್ಯಾಮೆರಾ ಹಿಟ್ಟಿನ ಡಬ್ಬದ ಹಿಂದೆ ಸೇರಿತು. ರಮ್ ಅಂಗಡಿಯಲ್ಲಿ ಅವನ ಹೆಸರು 'ಸನ್‌ಸೆಟ್' ಹೋಗಿ 'ಮಾಕೊ ಲೆನ್ಸ್' ಆಯಿತು. "ಏ ಮಾಕೊ ಲೆನ್ಸ್, ಒಂದು ಫೋಟೋ ತೆಗೆಯೋ. ನನ್ನ ಹೆಂಡ್ತಿ ಮಂಗಳವಾರ ಯಾರ ಜೊತೆ ಸಿನೆಮಾಕ್ಕೆ ಹೋಗ್ತಾಳೆ ಅಂತ ನಂಗೂ ಗೊತ್ತಾಗ್ಬೇಕು!" ಎಂದು ಒಬ್ಬ ಕೂಗಿದರೆ ಇಡೀ ಅಂಗಡಿ ನಗುತ್ತಿತ್ತು. ಇವನೂ ನಕ್ಕು ಮನೆಗೆ ಬರುತ್ತಿದ್ದ. ಬಡಿಸಿದ ಊಟ ತಟ್ಟೆಯಲ್ಲೇ ಇರುತ್ತಿತ್ತು. ಮೂವತ್ತೊಂದು ವರ್ಷ ಆ ಮಾತು ಅಂಟದಿದ್ದವನಿಗೆ ಈಗ ಅದೇ ಹೆಸರು.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಅಂಗಿ ಹಾಕಿಕೊಂಡು, "ನಾನು ಮಿಂತ್ರಾ ಮನೆಗೆ ಹೋಗ್ತೀನಿ" ಎಂದ. ತಡೆಯಲು ನನಗೆ ಮುಖವಿರಲಿಲ್ಲ. ಜೊತೆಗೆ ಹೋದೆ. ಅವಳು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಹರ್ದೇವ್ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ತಾನು ಬೇಕೆಂದೇ ಹತ್ತಿರ ಬಂದದ್ದು, ಸುಳ್ಳು ಹೇಳಿದ್ದು, ಕತ್ತರಿಸದೆ ಬಿಟ್ಟದ್ದು.

"ಇದನ್ನ ನನಗ್ಯಾಕೆ ಹೇಳ್ತೀಯ?" ಎಂದಳು ಮಿಂತ್ರಾ. "ನಾನು ಅಲ್ಲೇ ಇದ್ನಲ್ಲ. ನನಗೆ ಗೊತ್ತಿರೋದೇ ಇದು. ಗೊತ್ತಿಲ್ದೇ ಇರೋರಿಗೆ ಹೇಳು."

"ನೀನೇ ಯಾಕೆ ಯಾರಿಗೂ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ಕೇಳ್ತಾರೆ, ಹರ್ದೇವ್?" ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಏನಾದ್ರೂ ಹೇಳೋಕೆ ಬಂದ್ಯಾ, ವಂತಿ?"

"ನಾನು... ಸುಮ್ನೆ ಜೊತೆಗೆ ಬಂದೆ" ಎಂದೆ.

ಜೂನ್ ಹದಿನಾಲ್ಕಕ್ಕೆ ಹೆಡ್ ಮಾಸ್ಟರ ವರ್ಷಾಂತಿಕ. ಅಂಗಳದಲ್ಲಿ ಶಾಮಿಯಾನ, ಉದ್ದದ ಮೇಜುಗಳು, ಮೇಲೆ ಊಟಕ್ಕೆ ಬಾಳೆಲೆಯಂಥ ಸೋಹಾರಿ ಎಲೆ. ನಾನು ಬಡಿಸುವ ಹೆಂಗಸರ ಸಾಲಿನಲ್ಲಿ ಕಡಲೆ ಪಲ್ಯದ ಬಕೀಟು ಹಿಡಿದಿದ್ದೆ. ಮಿಂತ್ರಾ ಬಂದಿರಲಿಲ್ಲ, ಅವಳನ್ನು ಯಾರೂ ಕರೆದಿರಲಿಲ್ಲ. ಪೂಜೆ ಮುಗಿದು ಎಲ್ಲರೂ ಎಲೆಯ ಮುಂದೆ ಕೂತಿದ್ದರು. ಪಂಡಿತರು ಕೈಯಲ್ಲಿ ನೀರು ಹಿಡಿದಿದ್ದರು. ಆಗ ಗಂಡಸರ ಸಾಲಿನಲ್ಲಿ ಹರ್ದೇವ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಒಂದು ಮಾತು ಹೇಳ್ಬೇಕು" ಎಂದ. ಎಂದೂ ನಾಲ್ಕು ಜನರ ಮುಂದೆ ಮಾತಾಡದವನು, ದನಿ ನಡುಗುತ್ತಿತ್ತು. "ಕ್ಯಾಲೆಂಡರಿನ ಚಿತ್ರದ ವಿಷಯ. ಅವಳು ಪೋಸು ಕೊಟ್ಟಿಲ್ಲ. ನನ್ನನ್ನ ತೆಗೀತಾ ಇದೀಯಾ ಅಂತ ಕೇಳಿದ್ಲು. ಚಿತ್ರದಲ್ಲಿ ನೀನಿಲ್ಲ ಅಂತ ನಾನು ಹೇಳ್ದೆ. ಇದಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ. ಲೆನ್ಸು ಎಳೆದುಕೊಳ್ತು ಅಂದಿದ್ದು ಸುಳ್ಳು."

"ಅಂಕಲ್, ಕೂತ್ಕೊಳ್ಳಿ. ಬೆಳಿಗ್ಗೆಯೇ ಶುರು ಮಾಡಿದೀರಾ?" ಎಂದ ಕೆಲ್ವಿನ್. ಒಂದಿಬ್ಬರು ನಕ್ಕರು.

"ಅವನು ಕುಡಿದಿಲ್ಲ. ಮುಗಿಸಲಿ ಬಿಡು" ಎಂದರು ಚಂದ್ರೌತಿ ದೀದಿ. ನಗು ನಿಂತಿತು.

"ಮುಗೀತು ದೀದಿ. ಇಷ್ಟೇ. ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಅವಳು ಬಂದಿದ್ದು. ಯಾರಿಗೂ ಕಾಣೋಕೆ ಬಂದಿದ್ದಲ್ಲ. ಕಾಣಿಸಿದವನು ನಾನು."

ಚಂದ್ರೌತಿ ದೀದಿ ಮೇಜಿನ ಅಂಚು ಹಿಡಿದುಕೊಂಡು ಎದ್ದರು. ಅವರ ಮಾತು ಗಟ್ಟಿಯಾಗಿತ್ತು.

"ಅವಳು ನನಗೆ ಮಾಡಿದ್ದು ಮಾಡಿದ್ದೇ. ಅದು ನಾನು, ಅವಳು ನೋಡ್ಕೊಳ್ಳೋ ಲೆಕ್ಕ. ಆದರೆ ಕೆಲ್ವಿನ್, ಪೋಸು ಅನ್ನೋ ಮಾತು ಇನ್ನು ನಿನ್ನ ಬಾಯಲ್ಲಿ ಬರಬಾರದು. ಇಲ್ಲಿ ಇರೋ ಯಾರ ಬಾಯಲ್ಲೂ ಬರಬಾರದು." ಕೆಲ್ವಿನ್ ಎಲೆ ನೋಡುತ್ತಾ ಕೂತ. ದೀದಿ ಮತ್ತೆ ಹರ್ದೇವನ ಕಡೆ ತಿರುಗಿದರು. "ಇಷ್ಟು ದಿನ ಇದು ವಂತಿಗೆ ಗೊತ್ತಿತ್ತಾ?"

ಎಲ್ಲರ ಮುಖ ನನ್ನ ಕಡೆ ತಿರುಗಿತು. ಹರ್ದೇವನೂ ನೋಡಿದ. ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಹೇಳಲು ನನಗೆ ಸಮಯವಿತ್ತು. ಗೊತ್ತಿತ್ತು ದೀದಿ, ಸುಮ್ಮನಿರು ಎಂದವಳೇ ನಾನು ಎನ್ನಲು ಒಂದು ಉಸಿರು ಸಾಕಿತ್ತು. ಅಷ್ಟೊಂದು ಮಾತು ಆಡಿ ಸವೆದ ನನ್ನ ನಾಲಿಗೆ ಏಳಲಿಲ್ಲ.

"ಇಲ್ಲ ದೀದಿ" ಎಂದ ಹರ್ದೇವ್. "ಅವಳಿಗೂ ನಾನು ಸುಳ್ಳೇ ಹೇಳಿದ್ದೆ."

ಕುರ್ಚಿಯನ್ನು ಎತ್ತಿ ಸರಿಯಾಗಿ ನಿಲ್ಲಿಸಿ, ಊಟ ಮಾಡದೆ ಗೇಟು ದಾಟಿ ಹೋದ. ಬಸ್‌ದಾಯಿ ನನ್ನ ಬೆನ್ನು ಸವರಿದಳು. "ಪಾಪ ಕಣೇ, ನಿನಗೆ ಎಂಥ ಗಂಡ ಸಿಕ್ಕಿದನೇ" ಎಂದಳು. ಇನ್ನೊಬ್ಬಳು ನನ್ನ ಕೈಯ ಬಕೀಟು ಇಸಿದುಕೊಳ್ಳಲು ಬಂದಳು, ನೀನು ಸ್ವಲ್ಪ ಕೂತ್ಕೋ ಎಂದಳು. ಬೇಡ, ಪರವಾಗಿಲ್ಲ ಎಂದೆ. ಆ ಅನುಕಂಪವನ್ನೆಲ್ಲ ತೆಗೆದುಕೊಂಡು, ಮುಂದಿನ ಎಲೆಗೆ ಬಾಗಿ ಕಡಲೆ ಪಲ್ಯ ಬಡಿಸಿದೆ.